ಎಂಟು ಕಂಠಗಳಿಗೆ ಕೊಟ್ಟ ಅಳು

ಧಾರವಾಡ
೯ ಫೆಬ್ರುವರಿ ೨೦೨೫

ಅವ್ವಾ,

ನಮಸ್ಕಾರ. ಹದಿನೈದು ದಿನ ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಇಂಟರ್ನಲ್ಸ್ ಮುಗಿದವು. ಇಂಗ್ಲಿಷ್ ಪೇಪರ್ ಸುಮಾರಾಯಿತು.

ಫಕೀರೇಶ ಮಾವ ನಮ್ಮ ಕಾರ್ಯಕ್ರಮದ ವಿಡಿಯೋ ತೋರಿಸಿದ ಸಂಜೆ ನೀನು ಫೋನ್ ಮಾಡಿ ಕೇಳಿದೆ: "ಹೆಣದ ಮುಂದಿನ ಅಳು ಅದು. ಹೊಸಾ ಸೀರಿ ಉಟಗೊಂಡು ಹಾಡಿದ್ಯಲ್ಲ, ಮಂದಿ ಚಪ್ಪಾಳಿ ಬಡದ್ರೇನ ಬೇ?"

ಬಡಿದರು. ಎದ್ದು ನಿಂತು ಬಡಿದರು.

ನಮ್ಮ ಕಾಲೇಜಿನ ಕಾಯರ್, ಅಂದರೆ ಹಾಡುವ ಗುಂಪಿನಲ್ಲಿ, ಎಂಟೇ ಜನ. ವಾದ್ಯವಿಲ್ಲ, ಬರೀ ಕಂಠ. ಹೊಸ ರಚನೆ ಮಾಡುತ್ತೇನೆ, ನಿಮ್ಮ ನಿಮ್ಮ ಊರಿನ ಹಾಡು ತನ್ನಿ ಎಂದರು ಹಾಡು ಕಲಿಸುವ ಮೇಡಂ. ಉಳಿದವರು ಬೀಸುವ ಪದ, ಸೋಬಾನೆ ತಂದರು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದ ನನ್ನ ಬಳಿ ಏನಿತ್ತು? ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ಅತ್ತದ್ದು ಫೋನಿನಲ್ಲಿತ್ತು. ಕೊಟ್ಟೆ.

ಮೇಡಂ ಅದನ್ನು ಒಂಬತ್ತು ನಿಮಿಷಕ್ಕೆ ಹಿಗ್ಗಿಸಿದರು. ನೀನು ಉಸಿರು ಸಿಗದೆ ಬಿಕ್ಕಿದ ಕಡೆ ನಾಲ್ಕು ಎಣಿಕೆ ಎಂದು ಹಾಳೆಯಲ್ಲಿ ತಾಳ ಬರೆದರು. ಮೂರು ವಾರ ನಾವು ಆ ಬಿಕ್ಕನ್ನು ಪ್ರಾಕ್ಟೀಸ್ ಮಾಡಿದೆವು, ಅವ್ವಾ. ನಮ್ಮ ಜೊತೆ ಹಾಡುವ ಅತಾವುಲ್ಲಾ ಒಂದು ದಿನ ಹಾಳೆ ಕೆಳಗಿಟ್ಟ. "ಏ, ಯಾರ ಮನ್ಯಾಗಿಂದೋ ಏನೋ ಇದು. ನನಗ ಬಾಯಿ ಬರವಲ್ದು." ನಾನು ನೀರು ಕುಡಿಯಲು ಹೊರಗೆ ಹೋದೆ.

ಸಾವಿಲ್ಲದ ಕಡೆ ಆ ಅಳು ಎತ್ತಬಾರದೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಸೋಲೋ, ಒಬ್ಬಳೇ ಹಾಡುವ ಭಾಗ, ನನಗೇ ಎಂದಿದ್ದರು.

ಇಪ್ಪತ್ತೆರಡಕ್ಕೆ ಬೆಳಗಾವಿಯಲ್ಲಿ ಮತ್ತೆ ಹಾಡಬೇಕಂತೆ. ಬ್ಯಾಡ ಅನ್ನು, ಗುಂಪನ್ನೇ ಬಿಡುತ್ತೇನೆ. ಆದರೆ ಬಾಜು ಮನೆಯ ಖಾಸಿಂಬಿ ಚಿಕ್ಕಮ್ಮನ ಕೈಲಿ ಹೇಳಿಸಬೇಡ. ನೀನೇ ಫೋನ್ ಎತ್ತಿ ಬೈದು ಹೇಳು. ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದ ದಿನವೂ ನೀನು ಹೀಗೇ ಮಾತಾಡದೆ ಬಸ್ ಹತ್ತಿದ್ದೆ.

ಕಾಲಿಗೆ ಬೀಳುತ್ತೇನೆ. ಮನಸ್ಸಿದ್ದರೆ ಆಶೀರ್ವಾದ ಮಾಡು.

ನಿನ್ನ ಮಗಳು
ನಾಗರತ್ನಾ

ತಾ.ಕ.: ರೆಕಾರ್ಡಿಂಗಿನ ಕೊನೆಯ ತುಂಡನ್ನು ಮೇಡಂಗೆ ಕೊಡಲಿಲ್ಲ, ಕತ್ತರಿಸಿದೆ. ಹೆಂಡತಿ ಅತ್ತು ಮುಗಿಸಿದ ಮೇಲೆ ಮಗಳು ಅಳು ಎತ್ತಬೇಕಲ್ಲ? ಅಲ್ಲಿ ನೀನು, "ನಾಗೂ, ಬಾರವ್ವ, ನಿಮ್ಮಪ್ಪನ್ನ ಕರಿ" ಎಂದು ಎರಡು ಸಲ ಕರೆದಿದ್ದೀ. ಆಮೇಲೆ ಹನ್ನೊಂದು ಸೆಕೆಂಡು ಯಾರ ದನಿಯೂ ಇಲ್ಲ. ನಾನು ಫೋನ್ ಹಿಡಿದು ನಿಂತಿದ್ದೆ. ಅಳುವ ಹೆಂಗಸು ಯಾರು ಎಂದು ಮೇಡಂ ಕೇಳಿದಾಗ, ನಮ್ಮ ಓಣಿಯವರೊಬ್ಬರು ಎಂದೆ. ಕಾರ್ಯಕ್ರಮದ ಹಾಳೆಯಲ್ಲಿ ಹಾಗೇ ಅಚ್ಚಾಗಿದೆ.