ಎರಡನೇ ಮಹಡಿಯ ಕಿಂಡಿ

ಜನವರಿ ೧೧, ಬೆಳಿಗ್ಗೆ

ಮೊಂಡಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದ.

ಮೊದಲು ಎದ್ದು ಹೋಗಿ ಬಚ್ಚಲಿನ ಕಿಂಡಿಗೆ ತುರುಕಿರುವ ಕಂಬಳಿಯನ್ನು ಕಿತ್ತು ಬಿಸಾಕು. ಆಮೇಲೆ ಬಂದು ಉಳಿದದ್ದನ್ನು ಓದು. ನಿನ್ನೆ ಫೋನಿನಲ್ಲಿ ನೀನು, ಕಿತ್ತೆ ಅಜ್ಜ, ಅಂದೆ. ನನ್ನ ಮೊಮ್ಮಗಳಲ್ಲವೇ, ಮತ್ತೆ ತುರುಕಿರುತ್ತೀಯ. ಅದಕ್ಕೇ ಈ ಕಾಗದವನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಯೊಳಗೆ ತಲುಪುತ್ತದೆ.

ನಾನು ಕೂಗಾಡಿದ್ದಕ್ಕೆ ನಿನ್ನ ಅಮ್ಮ ಮುಖ ಊದಿಸಿಕೊಂಡಿದ್ದಾಳೆ. ಕೂಗಾಡಿದ್ದು ತಪ್ಪಲ್ಲ. ಯಾಕೆ ಅಂತ ನೀನು ಕೇಳಿದಾಗ ಬಾಯಿ ಮುಚ್ಚಿಕೊಂಡೆನಲ್ಲ, ಅದು ತಪ್ಪು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಸಹಿಸಿಕೋ.

ಉಪ್ಪು ಹಿಡಿದ ಗೋಡೆ, ಮುಟ್ಟಿದರೆ ಉದುರುವ ಸುಣ್ಣ, ಕಿರುಗುಟ್ಟುವ ಕಬ್ಬಿಣದ ಮಂಚ, ಹನ್ನೆರಡು ಹುಡುಗಿಯರಿಗೆ ಒಂದೇ ಬಚ್ಚಲು. ನೀನು ಹೇಳಿದ್ದೆಲ್ಲ ನಾನು ಆ ಹಾಸ್ಟೆಲಿಗೆ ಪ್ಲಂಬರ್ ಆಗಿದ್ದ ಕಾಲದಲ್ಲೂ ಹಾಗೇ ಇತ್ತು. ಬಚ್ಚಲಿನಲ್ಲಿ ಯಾರೋ ಬಡಿಯುತ್ತಾರೆ ಅಂತ ಹೆದರುವ ನಿನ್ನ ಗೆಳತಿಯರಿಗೆ ಹೇಳು, ಅದು ಪೈಪು. ಬಿಸಿನೀರು ನಿಂತ ಮೇಲೆ ತಣ್ಣಗಾಗುತ್ತ ಟಕ್ ಟಕ್ ಅನ್ನುತ್ತದೆ. ಆ ಕಾಲದಲ್ಲೂ ಎಲ್ಲರಿಗೂ ಹಾಗೇ ಹೇಳುತ್ತಿದ್ದೆ. ಕೊನೆಯ ತಿಂಗಳು ನನಗೆ ನಾನು ಹೇಳಿಕೊಂಡಾಗ ಮಾತ್ರ ನಂಬಿಕೆ ಬರಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ಇಂಥದೇ ಚಳಿ. ನಿನ್ನದೇ ಮಹಡಿಯಲ್ಲಿ ಗಣಿತ ಓದುವ ಒಬ್ಬಳಿದ್ದಳು, ಸಣಕಲಿ, ಸದಾ ನೆಗಡಿ. ನನ್ನನ್ನು ಕಂಡಾಗಲೆಲ್ಲ, ಪ್ಲಂಬರ್ ಮಾಮ, ಆ ಕಿಂಡಿ ಗಾಳಿಗೆ ನಾನು ಪರೀಕ್ಷೆಗೆ ಮುಂಚೆನೇ ಐಸ್ ಆಗ್ತೀನಿ, ಏನಾದ್ರೂ ಮಾಡಿ ಅಂತ ಗೋಗರೆಯುತ್ತಿದ್ದಳು. ಒಳಗೆ ಗ್ಯಾಸ್ ಗೀಸರ್ ಇದ್ದರೆ ಕಿಂಡಿ ಮುಚ್ಚಬಾರದು ಅಂತ ನನಗೆ ಗೊತ್ತಿತ್ತು. ಪರೀಕ್ಷೆ ಮುಗಿಯುವ ತನಕ ತಾನೇ ಅಂತ ತಗಡು ಹೊಡೆದುಕೊಟ್ಟೆ. ಅವಳು ಚಪ್ಪಾಳೆ ತಟ್ಟಿದಳು.

ಮೂರನೇ ದಿನ ಆ ಬಚ್ಚಲಿನ ಬಾಗಿಲು ಒಡೆದವನೂ ನಾನೇ. ಷವರಿನ ನೀರು ಇನ್ನೂ ಬೀಳುತ್ತಿತ್ತು. ಕಿಂಡಿ ಮುಚ್ಚಿದ ಬಚ್ಚಲಲ್ಲಿ ಗೀಸರ್ ಉರಿದರೆ ತುಂಬಿಕೊಳ್ಳುವ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗಾಗುತ್ತದಂತೆ, ಅಷ್ಟೇ. ಅವಳನ್ನು ಕೆಳಗೆ ಹೊತ್ತುಕೊಂಡು ಹೋದ ಮೇಲೆ ನಾನೊಬ್ಬನೇ ಉಳಿದೆ. ತಗಡು ಕಿತ್ತೆ. ಮೊಳೆ ತೂತಿಗೆ ಸಾಬೂನು ಮೆತ್ತಿದೆ. ಕೊಕ್ಕೆಯಲ್ಲಿದ್ದ ಅವಳ ಟವೆಲನ್ನೇ ತೆಗೆದು ಕಿಂಡಿಗೆ ತುರುಕಿದೆ.

ವಿಚಾರಣೆಗೆ ಬಂದವರು ಟವೆಲ್ ನೋಡಿ ಹುಡುಗಿಯೇ ಮುಚ್ಚಿಕೊಂಡಳು ಅಂತ ಬರೆದುಕೊಂಡರು, ತಗಡು ಕಂಡಿದ್ದ ಹುಡುಗಿಯರನ್ನು ಕೇಳಲೇ ಇಲ್ಲ. ಬೇಕಂತಲೇ ಮಾಡಿಕೊಂಡಳೇನೋ ಅಂತ ಕಾರಿಡಾರಿನಲ್ಲಿ ಗುಸುಗುಸು. ಅವಳ ತಾಯಿ ನನ್ನ ಕೈ ಹಿಡಿದು, ಅಣ್ಣಾ, ಮೊದಲು ನೋಡಿದವರು ನೀವು, ನನ್ನ ಮಗಳು ಅಂಥವಳಾ ಅಂತ ಕೇಳಿದರು. ನನಗೇನು ಗೊತ್ತಮ್ಮ ಅಂದೆ.

ತಿಂಗಳೊಳಗೆ ಕೆಲಸ ಬಿಟ್ಟೆ. ಮನೆಯಲ್ಲಿ ಮಂಡಿನೋವು ಅಂದೆ. ಅಜ್ಜ ಎಮ್ಮೆ ಹಾಗೆ ಬಾಗಿಲು ತೆರೆದುಕೊಂಡೇ ಸ್ನಾನ ಮಾಡ್ತಾನೆ ಅಂತ ನೀವೆಲ್ಲ ನಗುತ್ತೀರಿ. ನಿನ್ನ ಅಜ್ಜಿ ಸಾಯುವ ತನಕ ಅದಕ್ಕೆ ಬೈದಳು. ಚಿಲಕ ಹಾಕಿದರೆ ಪಕ್ಕದಲ್ಲಿ ಇನ್ನೊಬ್ಬರು ಉಸಿರೆಳೆಯುವುದು ಕೇಳಿಸುತ್ತದೆ. ದೆವ್ವ ಗಿವ್ವ ನಾನು ನಂಬುವವನಲ್ಲ. ಕೇಳಿಸುತ್ತದೆ, ಅಷ್ಟೇ.

ಈಗಲೂ ಬಚ್ಚಲೊಳಗೇ ಇರುವ ಆ ಗೀಸರನ್ನು ಹೊರಗೆ ಹಾಕಿಸಿ ಅಂತ ವಾರ್ಡನ್ ಮುಂದೆ ಹೋಗಿ ಕೂರು. ಬೈದರೆ ಬೈಸಿಕೋ. ಅಲ್ಲಿಯ ತನಕ ತಣ್ಣೀರು ಹೊಯ್ದುಕೋ, ಇಲ್ಲ ಸ್ನಾನವೇ ಬೇಡ. ನಾತ ಹೊಡೆದು ಯಾರೂ ಸತ್ತಿಲ್ಲ.

ಇಷ್ಟು ಓದಿದ ಮೇಲೂ ಹಾಗೆ ಕರೆಯುವ ಮನಸ್ಸಿದ್ದರೆ,
ನಿನ್ನ ಅಜ್ಜ

ತಾ.ಕ.: ಆ ತಾಯಿ ಇನ್ನೂ ಇದ್ದಾರೆ. ವರ್ಷಕ್ಕೊಮ್ಮೆ ಅವರ ಬೀದಿಗೆ ಹೋಗಿ ಬರುತ್ತೇನೆ. ಒಮ್ಮೆ ಅವರ ಮನೆಯ ನಲ್ಲಿ ಸೋರುತ್ತಿತ್ತು, ಸರಿ ಮಾಡಿಕೊಟ್ಟೆ. ಗುರುತು ಹಿಡಿದು ಚಹಾ ಕೊಟ್ಟರು. ಕುಡಿದು ಬಂದೆ. ನಾಳೆ ಮತ್ತೆ ಹೋಗುತ್ತೇನೆ. ಈ ಸಲವೂ ಬಾಯಿ ಬಿಡದೆ ಬಂದರೆ ಈ ಕಾಗದವನ್ನು ಅವರಿಗೆ ಓದಿ ಹೇಳುವ ಕೆಲಸ ನಿನ್ನದು. ವಿಳಾಸ ಹಿಂದಿನ ಮಗ್ಗುಲಲ್ಲಿದೆ.