ಆಕ್ಷೇಪಣೆ ಇಲ್ಲ

ಇಲೊಯ್ಲೊ, ಜೂನ್ 11, ಮಂಗಳವಾರ

ನನ್ನ ಕಕ್ಷಿದಾರರಾದ ಕೊನ್ಸೋರ್ಸ್ಯಾ ಅಜ್ಜಿ, ನಮ್ಮೆಲ್ಲರ ಲೋಲಾ, ಇವತ್ತು ಸಾಕ್ಷಿಕಟ್ಟೆಯಲ್ಲಿ ನನ್ನ ಗುರುತೇ ಹಿಡಿಯಲಿಲ್ಲ.

"ಆ ಬೇಲಿ ಹಾಕಿದ್ದು ಯಾರು, ಲೋಲಾ?" ಎಂದು ಕೇಳಿದೆ. ಇಪ್ಪತ್ತೆರಡು ವರ್ಷದಿಂದ ನಡೆಯುತ್ತಿರುವ ಜಾಗದ ದಾವೆ ನಿಂತಿರುವುದು ಈ ಒಂದು ಉತ್ತರದ ಮೇಲೆ. ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಅವರು ನನ್ನನ್ನು ನೋಡಿ ನಕ್ಕರು. "ಊಟ ಆಯ್ತೇನಪ್ಪಾ? ಒಣಮೀನು ಹುರಿದಿಟ್ಟಿದ್ದೀನಿ, ತಿಂದ್ಕೊಂಡು ಹೋಗು."

ಮಾರ್ಚ್‌ನಲ್ಲಿ ಅವರಿಗೆ ಎಲ್ಲವೂ ನೆನಪಿತ್ತು, ಬೇಲಿಯ ಬಿದಿರು ಎಲ್ಲಿಂದ ತಂದರೆಂಬುದೂ. "ಈಗ್ಲೇ ಸಾಕ್ಷಿ ಹೇಳಿಸ್ಬಿಡಿ ಅಟಾರ್ನಿ, ನನ್ನ ತಲೆ ನಂಬೋ ಹಾಗಿಲ್ಲ," ಎಂದಿದ್ದರು. ಅಷ್ಟರಲ್ಲಿ ಎದುರು ಪಕ್ಷದ ವಕೀಲ ಡೆಲ್ಫಿನ್ ನನ್ನ ತೋಳು ಹಿಡಿದ. "ಮಗಳ ಮದುವೆ ಕಣೋ ಪಾನ್ಯೆರೊ, ವಾಯಿದೆಗೆ ಬೇಡ ಅನ್ಬೇಡ."

ವಕೀಲನೊಬ್ಬ ಇನ್ನೊಬ್ಬ ವಕೀಲನನ್ನು ಪಾನ್ಯೆರೊ, ಗೆಳೆಯಾ, ಅಂದಮೇಲೆ ಮುಗಿಯಿತು. ವಕೀಲ ಕೇಳಿದ ವಾಯಿದೆಗೆ ವಕೀಲ ಅಡ್ಡ ಬರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಪ್ಪಿದೆ, ಲೋಲಾರ ಸಾಕ್ಷಿ ಜೂನ್‌ಗೆ ಹೋಯಿತು. ಒಪ್ಪಿದ್ದಷ್ಟೇ ಅಲ್ಲ, ಆ ಮದುವೆಯಲ್ಲಿ ಧರ್ಮತಂದೆಯಾಗಿ ನಿಂತೆ, ಸುಟ್ಟ ಹಂದಿಯ ಗರಿಗರಿ ಚರ್ಮವನ್ನು ಎರಡು ಸಲ ಹಾಕಿಸಿಕೊಂಡೆ. ಥೂ.

ಮೂವತ್ತೊಂದು ವರ್ಷದಿಂದ ಕೋರ್ಟಿನಲ್ಲಿ ಎಲ್ಲರೂ ನನ್ನನ್ನು ಸಜ್ಜನ ಅನ್ನುತ್ತಾರೆ. ಆ ಹೆಸರು ಗಳಿಸಿದ್ದು ಯಾರ ಗಂಟಿನಿಂದ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇವತ್ತೂ ಡೆಲ್ಫಿನ್ ಎದ್ದುನಿಂತ. ಸಾಕ್ಷಿ ಪಾಪ ದಣಿದಿದ್ದಾರೆ, ಸೆಪ್ಟೆಂಬರ್‌ಗೆ ಇಟ್ಟುಕೊಳ್ಳೋಣ ಎಂದ. ನ್ಯಾಯಾಧೀಶೆ ನನ್ನತ್ತ ತಿರುಗಿದರು. "ನಿಮ್ಮ ಆಕ್ಷೇಪಣೆ ಏನಾದ್ರೂ ಇದೆಯಾ, ಅಟಾರ್ನಿ?"

ಲೋಲಾ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಉಂಡೆನೋ ಇಲ್ಲವೋ ತಿಳಿಯಲು. ಯೋಚಿಸುವ ಮೊದಲೇ ನನ್ನ ಬಾಯಿ ಅಭ್ಯಾಸಬಲದಿಂದ ಹೇಳಿಬಿಟ್ಟಿತ್ತು: "ಏನೂ ಇಲ್ಲ."