ಕಪಾಟಿನ ಹಿಂದಿನ ದಾರ

೧೪ ಜೂನ್, ಭಾನುವಾರ

ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಜನ ನಮ್ಮ ಜಾದೂ ಮನೆ ನೋಡಲು ಬರುವ ದಿನ ನನ್ನ ಜಾಗ ಪುಸ್ತಕದ ಕಪಾಟಿನ ಹಿಂದಿನ ಸಂದು. ಅಲ್ಲಿ ಬಗ್ಗಿ ನಿಂತು ದಾರ ಎಳೆದರೆ ಹಜಾರದ ಕುರ್ಚಿ ತಾನಾಗಿ ತೂಗುತ್ತದೆ, ಗೋಡೆಯ ಚಿತ್ರ ಕಣ್ಣು ಹೊಡೆಯುತ್ತದೆ, ಯಾರೂ ಮುಟ್ಟದೆಯೇ ಗಂಟೆ ಬಡಿದುಕೊಳ್ಳುತ್ತದೆ. ಚಪ್ಪಾಳೆಯೆಲ್ಲ ಇವರಿಗೆ. ನನ್ನ ಗಂಡ, ಊರಿಗೆಲ್ಲ ದೊಡ್ಡ ಜಾದೂಗಾರ.

ಇಂದು ಬಂದವರಲ್ಲಿ ಒಬ್ಬ ಅಜ್ಜಿ ಇದ್ದಳು. ಛಾವಣಿಗೆ ಹೋಗಿ ಮುಗಿಯುವ ಮೆಟ್ಟಿಲನ್ನೂ ಬಚ್ಚಲಿನ ಪಾರಿವಾಳಗಳನ್ನೂ ನೋಡಿ ಅವಳಿಗೇನೂ ಅನ್ನಿಸಲಿಲ್ಲ. ಕಿಟಕಿಯಲ್ಲಿ ಒಣಗುತ್ತಿದ್ದ ನನ್ನ ಸೀರೆ ಮಾತ್ರ ಅವಳ ಕಣ್ಣಿಗೆ ಬಿತ್ತು.

"ನಿಮ್ಮ ಮನೆಯವರು ಕಾಣ್ತಿಲ್ವಲ್ಲಪ್ಪ?"

"ಅವಳನ್ನ ಮಾಯ ಮಾಡ್ಬಿಟ್ಟೆ ಅಜ್ಜಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ. "ವಾಪಸ್ ಕರ್ಕೊಂಡು ಬರಲ್ವಾ ಮತ್ತೆ?"

"ಅದೊಂದು ವಿದ್ಯೆ ಮಾತ್ರ ಕಲೀಲಿಲ್ಲ ನೋಡಿ."

ಮತ್ತೆ ನಗು. ಅದರ ನಡುವೆಯೇ ಇವರು ಬೆತ್ತದಿಂದ ನೆಲ ಕುಟ್ಟಿದರು. ಗಂಟೆ ಬಾರಿಸು ಎಂದು ನನಗೆ ಸನ್ನೆ. ದಾರ ಕೈಯಲ್ಲೇ ಇತ್ತು. ಎಳೆಯದೆ ಸುಮ್ಮನೆ ನಿಂತೆ. ಇವರು ಇನ್ನೊಮ್ಮೆ ಕುಟ್ಟಿದರು. ಎಲ್ಲರ ಕಣ್ಣೂ ಗಂಟೆಯ ಮೇಲೆ. ಒಂದು ಕ್ಷಣ ಇವರ ಮಾನ ನನ್ನ ಎರಡು ಬೆರಳ ನಡುವೆ ಇತ್ತು.

ಎಳೆದುಬಿಟ್ಟೆ. ಯಾಕೆ ಎಳೆದೆನೋ, ಅಭ್ಯಾಸಬಲ, ಹಾಳಾದ್ದು.

ಊಟಕ್ಕೆ ಕೂತಾಗ ಇವರು ತಾವಾಗಿಯೇ ಮಾತೆತ್ತಿದರು. ಈಗಲಾದರೂ ನನ್ನನ್ನು ಮಾಯ ಮಾಡಿದ ಆ ಮಾತು ಬರುತ್ತದೆ ಎಂದುಕೊಂಡೆ.

"ಇವತ್ತು ಗಂಟೆ ತಡ ಆಯ್ತು ಕಣೇ. ತುಕ್ಕು ಹಿಡಿದಿರ್ಬೇಕು. ಸ್ವಲ್ಪ ಎಣ್ಣೆ ಹಾಕು."

ಎಣ್ಣೆ ಬಾಟಲಿ ಈಗ ನನ್ನ ಹಾಸಿಗೆಯ ಪಕ್ಕದಲ್ಲಿದೆ. ಮೊದಲು ನನ್ನ ಬೆನ್ನಿಗೆ. ಉಳಿದರೆ ಗಂಟೆಗೆ.